‘ನೋಡೋಣ’ ಎಂದವರ ಒಂಬತ್ತು ವರ್ಷ

ಆ ಇಂಗ್ಲಿಷ್ ಕಾದಂಬರಿಯನ್ನು ಎರಡೇ ದಿನದಲ್ಲಿ ಓದಿ ಮುಗಿಸಿದೆ. ಅದರ ಮೇಲಿನ ಸಿಟ್ಟು ಮಾತ್ರ ತಿಂಗಳುಗಳು ಕಳೆದರೂ ಇಳಿದಿಲ್ಲ.

ನೋಯ್ಡಾದಲ್ಲಿರುವ ನಾವು ಹತ್ತು ಹನ್ನೆರಡು ಮಂದಿ ಕನ್ನಡದವರು ತಿಂಗಳಿಗೊಂದು ಭಾನುವಾರ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಸೇರುವುದು ಸೇನೆಯಿಂದ ನಿವೃತ್ತರಾದ ಕೊಡಗಿನ ಕರ್ನಲ್ ಒಬ್ಬರ ಫ್ಲ್ಯಾಟಿನಲ್ಲಿ. ಪುಸ್ತಕ ಓದದೆ ಅವರ ಹೆಂಡತಿ ಮಾಡುವ ಅಕ್ಕಿ ಶಾವಿಗೆಯ ನೂಲ್‌ಪುಟ್ಟಿಗಾಗಿ ಬರುವವರೂ ನಮ್ಮಲ್ಲಿ ಇದ್ದಾರೆ. ಒಂದು ತಿಂಗಳು ಕನ್ನಡದ ಪುಸ್ತಕ, ಇನ್ನೊಂದು ತಿಂಗಳು ಇಂಗ್ಲಿಷಿನದು. ಈ ಸಲದ್ದು ಕರ್ನಲ್ ವಿಮಾನ ನಿಲ್ದಾಣದಲ್ಲಿ ಕೊಂಡು ತಂದ ಕೋರ್ಟಿನ ಕಥೆ.

ಕಥೆ ಇಷ್ಟು. ಯಾವುದೋ ದೂರದ ದೇಶದ ಸಣ್ಣ ಊರಿನಲ್ಲಿ, ಮಾಡದ ಕೊಲೆಗೆ ಒಬ್ಬ ಮೆಕ್ಯಾನಿಕ್ ಜೈಲಿನಲ್ಲಿದ್ದಾನೆ. ಒಬ್ಬ ಯುವ ವಕೀಲ ಅವನನ್ನು ಬಿಡಿಸಲು ಹೊರಡುತ್ತಾನೆ. ಒಬ್ಬ ದುಷ್ಟ ಪೊಲೀಸ್ ಅಧಿಕಾರಿ ಒಂದು ಟೇಪನ್ನು ಬಚ್ಚಿಟ್ಟಿದ್ದಾನೆ. ಲಂಚ ತಿಂದ ಒಬ್ಬ ಹೆಂಗಸು ಸುಳ್ಳು ಸಾಕ್ಷಿ ಹೇಳಿದ್ದಾಳೆ. ವಕೀಲ ಪ್ರಾಣ ಪಣಕ್ಕಿಟ್ಟು ಟೇಪನ್ನು ಪತ್ತೆ ಮಾಡುತ್ತಾನೆ, ಅದನ್ನು ಕೋರ್ಟಿನಲ್ಲಿ ಹಾಕಿದಾಗ ಜನ ಉಸಿರು ಬಿಗಿಹಿಡಿಯುತ್ತಾರೆ, ಪೊಲೀಸ್ ಅಧಿಕಾರಿಯ ಕೈಗೆ ಬೇಡಿ ಬೀಳುತ್ತದೆ. ಮೆಕ್ಯಾನಿಕ್ ಕೋರ್ಟಿನ ಮೆಟ್ಟಿಲಿಳಿದು ಬಂದು ತಾಯಿಯನ್ನು ತಬ್ಬಿಕೊಳ್ಳುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ವಕೀಲ ಯಾವ ಕಾಫಿ ಕುಡಿಯುತ್ತಾನೆ, ಅವನ ಮದುವೆ ಯಾಕೆ ಮುರಿಯಿತು ಎಂಬುದಕ್ಕೆಲ್ಲ ಪುಟಗಟ್ಟಲೆ ಜಾಗವಿದೆ. ಜೈಲಿನಲ್ಲಿದ್ದ ಮನುಷ್ಯನಿಗೆ ನಿರಪರಾಧಿಯಾಗಿರುವುದನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಆ ಭಾನುವಾರ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. “ಕೈಯಿಂದ ಕೆಳಗಿಡೋಕೇ ಆಗ್ಲಿಲ್ಲ” ಎಂದರು ಕರ್ನಲ್. “ಆ ಟೇಪ್ ಸಿಗೋ ಜಾಗ ಇದೆಯಲ್ಲ, ಓದ್ತಾ ಓದ್ತಾ ಎದ್ದು ನಿಂತುಬಿಟ್ಟೆ.” ಇನ್ನೊಬ್ಬರು, ಇಂಥ ಪುಸ್ತಕ ಓದಿದರೆ ನ್ಯಾಯದ ಮೇಲೆ ನಂಬಿಕೆ ಬರುತ್ತದೆ ಎಂದರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿದ ಸದ್ದಿಗೆ ಎಲ್ಲರೂ ನನ್ನ ಕಡೆ ನೋಡಿದರು.

“ನನಗೆ ಈ ಪುಸ್ತಕ ಇಷ್ಟ ಆಗ್ಲಿಲ್ಲ. ಇಷ್ಟ ಆಗ್ಲಿಲ್ಲ ಅನ್ನೋದು ಕಡಿಮೆ ಆಯ್ತು. ಇದು ಸುಳ್ಳು.”

“ಕಾದಂಬರಿ ಅಂದ್ಮೇಲೆ ಕಲ್ಪನೆ ಅಲ್ವಾ ಮೇಡಂ?” ಎಂದು ಕರ್ನಲ್ ನಕ್ಕರು.

“ಕಲ್ಪನೆ ಬೇರೆ, ಸುಳ್ಳು ಬೇರೆ, ಕರ್ನಲ್ ಸಾಹೇಬ್ರೇ. ಒಬ್ಬ ಕೆಟ್ಟವನಿದ್ದ, ಅವನಿಂದ ಹೀಗಾಯ್ತು, ಅವನನ್ನ ಹಿಡಿದ ಮೇಲೆ ಎಲ್ಲ ಸರಿಹೋಯ್ತು ಅಂತ ಬರೆದಿದ್ದಾರಲ್ಲ, ಅದು ಸುಳ್ಳು. ನಿರಪರಾಧಿಯನ್ನ ಜೈಲಿಗೆ ಕಳಿಸೋದಕ್ಕೆ ಕೆಟ್ಟವರೇ ಬೇಕು ಅಂತೇನಿಲ್ಲ. ನನ್ನಂಥವರು ಸಾಕು.”

ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ಮಂಗಳೂರು ಕಡೆಯ ಪ್ರಾಧ್ಯಾಪಕಿಯೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರು ಮೆಲ್ಲಗೆ, “ನಿಮ್ಮಂಥವರು ಅಂದ್ರೆ? ಏನಾಯ್ತು ಹೇಳಿ” ಎಂದರು. ಅಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳದೇ ಇದ್ದದ್ದನ್ನು ಅವತ್ತು ಹೇಳಿದೆ.

ನಾನು ತುಮಕೂರಿನವಳು. ವಾಯುಸೇನೆಯಲ್ಲಿದ್ದ ಗಂಡನ ಜೊತೆ ದಿಲ್ಲಿಗೆ ಬಂದವಳು ಇಲ್ಲೇ ಉಳಿದೆ. ಓಖ್ಲಾದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕ್ವಾಲಿಟಿ ವಿಭಾಗ ನೋಡಿಕೊಂಡೆ. ಹೊಲಿಗೆ ಸೊಟ್ಟಗಿದ್ದರೆ, ಗುಂಡಿ ಸಡಿಲವಿದ್ದರೆ, ಒಂದು ತೋಳಿನ ಬಣ್ಣ ಇನ್ನೊಂದಕ್ಕೆ ಹೊಂದದಿದ್ದರೆ ಹಿಡಿದು ವಾಪಸ್ ಕಳಿಸುವುದು ನನ್ನ ಕೆಲಸ. ಎಲ್ಲರೂ ‘ಕ್ವಾಲಿಟಿ ಮೇಡಂ’ ಎಂದು ಕರೆಯುತ್ತಿದ್ದರು.

ಅಲ್ಲಿ ಒಬ್ಬ ಕಟಿಂಗ್ ಮಾಸ್ಟರ್ ಇದ್ದರು. ಬಿಹಾರದ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ನಕ್ಷೆ ಬರೆದು, ಒಂದೇ ಸಲ ನೂರಾರು ಅಂಗಿಗಳ ತುಂಡುಗಳನ್ನು ಕತ್ತರಿಸುವ ಕೆಲಸ. ಒಂದು ನೂಲಿನಷ್ಟು ತಪ್ಪಿದರೂ ಅಷ್ಟೂ ಅಂಗಿ ಹಾಳು. ಅವರ ಕೈ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಮಾತು ಕಡಿಮೆ. ಕೆಲಸ ಮಾಡುವಾಗ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು.

ಒಂದು ಬೆಳಿಗ್ಗೆ ಅವರಿಗೂ ಸ್ಟೋರ್ ಕೀಪರ್‌ಗೂ ಜೋರು ಮಾತಾಯಿತು. ಸ್ಟೋರಿನಿಂದ ಬಂದ ಬಟ್ಟೆಯ ಎರಡು ಥಾನುಗಳ ನೀಲಿ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇದನ್ನು ಕತ್ತರಿಸುವುದಿಲ್ಲ ಎಂದು ಮಾಸ್ಟರ್. ಸಾಗಣೆಯ ದಿನ ಹತ್ತಿರ ಬಂತು, ಕತ್ತರಿಸಲೇಬೇಕು ಎಂದು ಸ್ಟೋರ್ ಕೀಪರ್. ಎರಡು ಥಾನುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಮಾಸ್ಟರ್ ಬೇಸರದಿಂದ, “ಚಲೋ, ಬಾದ್ ಮೇ ದೇಖ್ ಲೇಂಗೇ” ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಆಯ್ತು, ಆಮೇಲೆ ನೋಡೋಣ ಎಂದು ಅದರ ಅರ್ಥ.

ಸ್ಟೋರ್ ಇದ್ದದ್ದು ಮಹಡಿಯ ಮೇಲೆ, ಕಬ್ಬಿಣದ ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಆ ಮೆಟ್ಟಿಲಿನ ಕಟಕಟೆ ಒಂದು ಕಡೆ ಬೆಸುಗೆ ಬಿಟ್ಟು ಅಲ್ಲಾಡುತ್ತಿತ್ತು. ನಮಗೆಲ್ಲ ಗೊತ್ತಿತ್ತು, ಅದನ್ನು ಹಿಡಿಯದೆ ಗೋಡೆ ಹಿಡಿದು ಇಳಿಯುತ್ತಿದ್ದೆವು. ಮಧ್ಯಾಹ್ನದ ಊಟದ ವೇಳೆಗೆ ಸ್ಟೋರ್ ಕೀಪರ್ ಆ ಮೆಟ್ಟಿಲ ಬುಡದಲ್ಲಿ ತಲೆಗೆ ಪೆಟ್ಟಾಗಿ ಬಿದ್ದಿದ್ದ. ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಿತ್ತು.

ಸಂಜೆಯೊಳಗೆ ಪೊಲೀಸರು ಮಾಸ್ಟರನ್ನು ಕರೆದೊಯ್ದರು. ಬೆಳಿಗ್ಗೆ ಜಗಳವಾಗಿತ್ತು, ಮಧ್ಯಾಹ್ನ ಮನುಷ್ಯ ಸತ್ತಿದ್ದ. ಅವರಿಗೆ ಅಷ್ಟು ಸಾಕಾಯಿತು.

ಮರುದಿನ ನನ್ನ ಹೇಳಿಕೆ ತೆಗೆದುಕೊಂಡರು. ತನಿಖೆಯ ಅಧಿಕಾರಿ ಒರಟನಲ್ಲ, ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ನಾನು ನನ್ನ ತುಮಕೂರಿನ ಹಿಂದಿಯಲ್ಲಿ ನಡೆದದ್ದನ್ನು ಹೇಳಿದೆ. ಅವನು ಬರೆದುಕೊಂಡು, ಸರಸರನೆ ಓದಿ, ಇಲ್ಲಿ ಸಹಿ ಮಾಡಿ ಎಂದ. ಪೊಲೀಸರ ಹಿಂದಿಯೇ ಬೇರೆ, ಅರ್ಧ ಶಬ್ದಗಳು ನನಗೆ ತಿಳಿಯಲಿಲ್ಲ. ಸಹಿ ಮಾಡಿದೆ. ಪೊಲೀಸರಿಗೆ ಕೊಡುವ ಹೇಳಿಕೆಗೆ ಸಾಕ್ಷಿಯ ಸಹಿಯೇ ಬೇಕಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ವಕೀಲೆ ಹೇಳಿ ಗೊತ್ತಾಯಿತು. ಅಂಗಿಯ ಒಂದೊಂದು ಹೊಲಿಗೆಯನ್ನೂ ಬೆರಳಿಟ್ಟು ನೋಡುತ್ತಿದ್ದ ನಾನು ಒಬ್ಬ ಮನುಷ್ಯನ ಬದುಕಿನ ಕಾಗದವನ್ನು ಓದದೇ ಸಹಿ ಮಾಡಿದೆ.

ಆ ಕಾಗದದಲ್ಲಿ ಮಾಸ್ಟರ್, “ತುಝೇ ದೇಖ್ ಲೂಂಗಾ” ಅಂದರು ಎಂದಿತ್ತು. ನಿನ್ನನ್ನು ನೋಡ್ಕೋತೀನಿ ಎಂದು. ನಮ್ಮ ಭಾಷೆಯಲ್ಲೂ ಅಷ್ಟೇ ತಾನೇ? ‘ನೋಡೋಣ’ ಅಂದರೆ ಜಗಳ ಮುಗಿಯಿತು, ‘ನೋಡ್ಕೋತೀನಿ’ ಅಂದರೆ ಜಗಳ ಶುರುವಾಯಿತು. ಆ ಅಧಿಕಾರಿ ಬೇಕೆಂದೇ ಹಾಗೆ ಬರೆದನೋ, ಅವನ ಕಿವಿಗೆ ಹಾಗೇ ಬಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೂ ಒಂದು ವಿಷಯವಿದೆ. ಸಾವಾದ ಮೂರನೆಯ ದಿನ ಕಾರ್ಖಾನೆಗೆ ಬೆಸುಗೆ ಹಾಕುವವನು ಬಂದ. ಆ ಕಟಕಟೆಯನ್ನು ಭದ್ರ ಮಾಡಿ, ಮೇಲೆ ಹಸಿರು ಬಣ್ಣ ಬಳಿದು ಹೋದ. ನಾನು ನನ್ನ ಮೇಜಿನಿಂದ ಅದನ್ನು ನೋಡುತ್ತಿದ್ದೆ. ಮುರಿದ ಕಟಕಟೆಯಿಂದ ಬಿದ್ದು ಸತ್ತರೆ ಅದು ಮಾಲೀಕರ ತಪ್ಪು, ಯಾರೋ ತಳ್ಳಿ ಕೊಂದರೆ ಮಾಲೀಕರಿಗೆ ತಲೆನೋವಿಲ್ಲ. ಇಷ್ಟು ಅರ್ಥವಾಗದಷ್ಟು ದಡ್ಡಿ ನಾನಾಗಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೋರ್ಟಿಗೆ ಕರೆ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಮಾಸ್ಟರ್‌ಗೆ ಜಾಮೀನು ಸಿಕ್ಕಿರಲಿಲ್ಲ. ಹೋಗುವ ಬೆಳಿಗ್ಗೆ ನನ್ನ ಗಂಡ, “ಕೋರ್ಟಿನ ಉಸಾಬರಿ ಬೇಡ. ಮೊದಲು ಏನು ಹೇಳಿದ್ದೀಯೋ ಅದನ್ನೇ ಹೇಳಿ ಬಾ” ಎಂದರು. ಕಾರ್ಖಾನೆಯವರು ಕಾರು ಕೊಟ್ಟು ಕಳಿಸಿದರು. ಕಾದಂಬರಿಯಲ್ಲಿ ಬರುವಂಥ ಕೋರ್ಟು ಅಲ್ಲಿ ಇರಲಿಲ್ಲ. ಕಿರಿದಾದ ಕೋಣೆ, ಒಳಗೆ ಕಾಲಿಡಲಾಗದಷ್ಟು ಜನ, ನಾಲ್ಕು ವಕೀಲರು ಒಟ್ಟಿಗೇ ಮಾತಾಡುವ ಗದ್ದಲ. ನ್ಯಾಯಾಧೀಶರು ಒಂದು ಕೇಸು ಕೇಳುತ್ತ ಇನ್ನೊಂದರ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಮಾಸ್ಟರ್ ಹಿಂದಿನ ಮೂಲೆಯಲ್ಲಿ ಪೊಲೀಸಿನವನ ಪಕ್ಕ ನಿಂತಿದ್ದರು. ನನ್ನನ್ನು ಕಂಡು ಕೈ ಮುಗಿದರು.

ಸರ್ಕಾರಿ ವಕೀಲರು ಹಿಂದಿಯಲ್ಲಿ ಕೇಳಿದರು. “ಆರೋಪಿ ‘ದೇಖ್ ಲೂಂಗಾ’ ಅಂದದ್ದು ನೀವು ಕೇಳಿಸಿಕೊಂಡಿರಿ?”

“‘ದೇಖ್ ಲೇಂಗೇ’ ಅಂದ್ರು ಸರ್. ಬಟ್ಟೆಯ ವಿಷಯಕ್ಕೆ.”

“ಲೂಂಗಾ, ಲೇಂಗೇ, ಏನು ವ್ಯತ್ಯಾಸ? ಸಿಟ್ಟಿನಲ್ಲಿ ಅಂದರೋ ಇಲ್ಲವೋ?”

“ಸಿಟ್ಟಿನಲ್ಲಿದ್ರು. ಆದರೆ...”

“ಈ ಹೇಳಿಕೆಯ ಕೆಳಗಿರೋದು ನಿಮ್ಮದೇ ಸಹಿ ತಾನೇ?”

“ಹೌದು.”

“ಹಾಗಾದರೆ ಆಗ ಸುಳ್ಳು ಹೇಳಿದಿರೋ, ಈಗ ಹೇಳುತ್ತಿದ್ದೀರೋ?”

ಟೈಪಿಸ್ಟ್ ನನ್ನ ಮುಖ ನೋಡುತ್ತ ಬೆರಳು ಎತ್ತಿಕೊಂಡು ಕಾಯುತ್ತಿದ್ದ. “ಅದರಲ್ಲಿ ಬರೆದದ್ದೇ ಸರಿ” ಎಂದುಬಿಟ್ಟೆ.

ಆಮೇಲೆ ಮಾಸ್ಟರ ಪರವಾಗಿ ಸರ್ಕಾರವೇ ಕೊಟ್ಟಿದ್ದ ವಕೀಲ ಎದ್ದ. ಅಂದು ಬೆಳಿಗ್ಗೆಯಷ್ಟೇ ಅವನ ಕೈಗೆ ಫೈಲು ಬಂದಿತ್ತಂತೆ. ಆ ಮೆಟ್ಟಿಲ ಕಟಕಟೆಯ ಬಗ್ಗೆ ಅವನು ಒಂದು ಮಾತು ಕೇಳಿದ್ದರೆ ನಾನು ಹೇಳಿರುತ್ತಿದ್ದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ನೀವು ಕಂಪನಿಯ ನೌಕರರು. ಕಂಪನಿ ಕಲಿಸಿದ್ದನ್ನೇ ಹೇಳುತ್ತಿದ್ದೀರಿ, ಹೌದೋ ಅಲ್ಲವೋ?” ನನಗೆ ಅವಮಾನವಾದಂತಾಯಿತು. ತುಂಬಿದ ಕೋರ್ಟಿನಲ್ಲಿ ತಲೆ ಎತ್ತಿ, “ಖಂಡಿತ ಇಲ್ಲ. ನಾನು ಯಾರು ಕಲಿಸಿದ್ದನ್ನೂ ಹೇಳುವವಳಲ್ಲ” ಎಂದೆ.

ತೀರ್ಪಿನಲ್ಲಿ ಆ ಮಾತೂ ಸೇರಿತು. ಈ ಸಾಕ್ಷಿ ಸ್ವತಂತ್ರ ಮನೋಭಾವದವರು, ವಿದ್ಯಾವಂತರು, ಇವರ ಮಾತನ್ನು ಅನುಮಾನಿಸಲು ಕಾರಣವಿಲ್ಲ ಎಂದು. ಮಾಸ್ಟರ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಅವರು ಒಟ್ಟು ಒಂಬತ್ತು ವರ್ಷ ಒಳಗಿದ್ದರು. ಮೇಲ್ಮನವಿ ಹೈಕೋರ್ಟಿನ ಸರದಿಯಲ್ಲಿ ಕಾದು ಕಾದು, ಕೊನೆಗೆ ಕೋರ್ಟೇ ನೇಮಿಸಿದ ಒಬ್ಬ ವಕೀಲೆಯ ಕೈಗೆ ಹೋಯಿತು. ಆಕೆ ಪ್ರಾಣ ಪಣಕ್ಕಿಡಲಿಲ್ಲ, ಯಾರ ಬೆನ್ನೂ ಹತ್ತಲಿಲ್ಲ. ಕುಳಿತು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಘಟನೆಯ ದಿನ ಪೊಲೀಸರೇ ತೆಗೆದ ಫೋಟೊಗಳು ಅದರಲ್ಲಿದ್ದವು. ಒಂದರಲ್ಲಿ ಕಟಕಟೆ ಬೆಸುಗೆ ಬಿಟ್ಟು ಹೊರಗೆ ವಾಲಿರುವುದು ಯಾರಿಗಾದರೂ ಕಾಣುವಂತಿತ್ತು. ಬಚ್ಚಿಟ್ಟ ಟೇಪಂತೆ! ಇಲ್ಲಿ ಪುಟದ ಸಂಖ್ಯೆ ಹಾಕಿ, ದಾರದಿಂದ ಹೊಲಿದು, ಮೊದಲ ದಿನದಿಂದ ಎಲ್ಲರ ಕಣ್ಣೆದುರು ಇಟ್ಟಿದ್ದರು. ಒಂಬತ್ತು ವರ್ಷ ಯಾರೂ ಆ ಪುಟ ತಿರುಗಿಸಲಿಲ್ಲ.

ಬಿಡುಗಡೆಯ ಆದೇಶದಲ್ಲಿ ಬರೆದದ್ದೇನು? ಆರೋಪಿಗೆ ಸಂಶಯದ ಲಾಭ ನೀಡಲಾಗಿದೆ ಎಂದು. ಲಾಭ! ಓದಿ ನನ್ನ ಮೈ ಉರಿಯಿತು. ಇವನು ಮಾಡಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ನಾವು ತಪ್ಪು ಮಾಡಿದೆವು ಎನ್ನುವ ಒಂದು ಸಾಲೂ ಇಲ್ಲ. ಹೊರಗಿನವರು ಅದನ್ನು ಓದಿ, ಓ, ಸಾಕ್ಷಿ ಸಾಲದೆ ಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಾಗೇ ಆಡಿಕೊಂಡರು. ನಾನು ನಿವೃತ್ತಳಾಗುವ ಕೊನೆಯ ವರ್ಷ ಅದು. ಆಗಲೂ ನಾನು ಏನೂ ಹೇಳಲಿಲ್ಲ.

ಕರ್ನಲ್ ಮನೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಾಗ ನನ್ನ ಧ್ವನಿ ಏರಿತ್ತು. “ಈಗ ಹೇಳಿ, ಆ ಪುಸ್ತಕದಲ್ಲಿ ಸುಳ್ಳು ಸಾಕ್ಷಿ ಹೇಳಿದವಳು ಲಂಚ ತಿಂದಿದ್ಲು. ಓದಿದವರಿಗೆಲ್ಲ ಎಷ್ಟು ಆರಾಮ! ನಾವು ಲಂಚ ತಿನ್ನೋರಲ್ಲ, ಹಾಗಾಗಿ ನಾವಲ್ಲ. ನನಗೆ ಯಾರೂ ಏನೂ ಕೊಡ್ಲಿಲ್ಲ. ಮನೆಗೆ ಬೇಗ ಹೋಗ್ಬೇಕಿತ್ತು, ಅಷ್ಟೇ.”

ಪ್ರಾಧ್ಯಾಪಕಿ ಕೇಳಿದರು. “ಅವರು ಹೊರಗೆ ಬಂದು ಎಷ್ಟು ದಿನ ಆಯ್ತು?”

“ಎರಡು ವರ್ಷದ ಮೇಲಾಯ್ತು.”

“ನೀವು ಹೋಗಿ ನೋಡಿದ್ರಾ?”

ನನಗೆ ತಕ್ಷಣ ಅವರ ಮೇಲೇ ಸಿಟ್ಟು ಬಂತು. ಕೆಲಸ, ನಿವೃತ್ತಿಯ ಓಡಾಟ, ಮಂಡಿ ನೋವು ಎಂದು ಏನೇನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. “ಇಲ್ಲ” ಎಂದೆ. ಯಾರೂ ನನ್ನನ್ನು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಕನ್ನಡಿಯ ಕಡೆ ನೋಡಲಾಗದೆ ನೆಲ ನೋಡುತ್ತ ನಿಂತೆ.

ಆ ವಾರವೇ ಹಳೆಯ ಸಹೋದ್ಯೋಗಿಯೊಬ್ಬರಿಂದ ವಿಳಾಸ ತೆಗೆದುಕೊಂಡು ಹೋದೆ. ಓಖ್ಲಾದ ಕಾರ್ಖಾನೆಗಳ ಹಿಂದಿನ ಕಾರ್ಮಿಕರ ಬಸ್ತಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆರೆದದ್ದು ಅವರ ಹೆಂಡತಿ. ನಾನು ಯಾರೆಂದು ಹೇಳುವ ಮೊದಲೇ ಆಕೆಗೆ ಗುರುತು ಸಿಕ್ಕಿತು.

“ಅಬ್ ಆಯೀ ಹೈಂ ಆಪ್?” ಎಂದರು. ಈಗ ಬಂದಿರಾ?

ನಾನು ಹೊಸ್ತಿಲಾಚೆಯೇ ನಿಂತೆ. ಆಕೆ ದನಿ ಏರಿಸದೆ ಹೇಳಿದರು. “ಆ ದಿನ ಕೋರ್ಟಿನಲ್ಲಿ ನಾನು ನಿಮ್ಮ ಹಿಂದಿನ ಬೆಂಚಿನಲ್ಲೇ ಕೂತಿದ್ದೆ. ಮಗು ಮಡಿಲಲ್ಲಿತ್ತು. ಒಂದು ಸಲ ತಿರುಗಿ ನೋಡ್ತೀರಿ ಅಂದುಕೊಂಡೆ. ನೀವು ಸೆರಗು ಸರಿ ಮಾಡಿಕೊಂಡು ಹೋಗಿಬಿಟ್ರಿ.”

“ತಪ್ಪಾಯ್ತು” ಎಂದೆ. ಅದಕ್ಕಿಂತ ದೊಡ್ಡ ಮಾತು ನನ್ನ ಹಿಂದಿಯಲ್ಲೂ ಇರಲಿಲ್ಲ, ಕನ್ನಡದಲ್ಲೂ ಇರಲಿಲ್ಲ.

ಒಳಗಿನಿಂದ ಮಾಸ್ಟರ್, “ಯಾರದು? ಕ್ವಾಲಿಟಿ ಮೇಡಮ್ಮಾ? ಒಳಗೆ ಬರಲಿ” ಎಂದರು. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಹಳೆಯ ಪ್ಯಾಂಟಿನ ಸೊಂಟ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗಿಂತ ಹತ್ತು ವರ್ಷ ಚಿಕ್ಕವರು ನನಗಿಂತ ದೊಡ್ಡವರಂತೆ ಕಂಡರು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ಸಹಿ ಮಾಡಿದ್ದು, ಕೋರ್ಟಿನಲ್ಲಿ ಹೆದರಿದ್ದು, ಬೆಸುಗೆಯವನನ್ನು ನೋಡಿಯೂ ಬಾಯಿ ಬಿಡದಿದ್ದದ್ದು. ಅವರು ಹೊಲಿಗೆ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು.

“ನಿಮ್ಮೊಬ್ಬರ ಮಾತಿನಿಂದ ಆದದ್ದಲ್ಲ, ಮೇಡಂ” ಎಂದರು ಕೊನೆಗೆ. ನನಗೆ ಒಂದು ಕ್ಷಣ ಹಗುರಾಯಿತು. ಅವರು ದಾರದ ತುದಿಯನ್ನು ಎಳೆದು ತೆಗೆದು, “ಆದರೆ ನಿಮ್ಮ ಮಾತೂ ಇತ್ತು” ಎಂದರು.

ಅವರ ಮಗಳು ಗೋಡೆಗೊರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ಒಳಗೆ ಹೋದಾಗ ಎರಡು ತುಂಬಿರದ ಮಗು, ಈಗ ಹದಿಮೂರರ ಹುಡುಗಿ. ಶಾಲೆಯಲ್ಲಿ ಕೊಲೆಗಾರನ ಮಗಳು ಎಂದು ಕರೆಸಿಕೊಂಡು ಎರಡು ಸಲ ಶಾಲೆ ಬದಲಾಯಿಸಿದ್ದಳಂತೆ. ಅವಳು ನನ್ನನ್ನು ನೇರವಾಗಿ ಕೇಳಿದಳು. “ಆಂಟೀ, ನೀವು ಅಲ್ಲೇ ಇದ್ರಿ ಅಲ್ವಾ? ಪಾಪಾ ನಿಜವಾಗಿ ಏನು ಹೇಳಿದ್ರು?”

ಅವರ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಎರಡು ಥಾನುಗಳ ನೀಲಿಯನ್ನು, ಕಿಟಕಿಯ ಬೆಳಕನ್ನು, ಅವರ ಬೇಸರದ ದನಿಯನ್ನೂ ಹೇಳಿದೆ. ಹುಡುಗಿ, “ಬಸ್? ಇಷ್ಟೇನಾ?” ಎಂದಳು. ಅಪ್ಪನ ಕಡೆ ತಿರುಗಿ ನೋಡಿದಳು. ಅವರು ತಲೆ ಎತ್ತಲಿಲ್ಲ. ಅವರ ಕೈಯಲ್ಲಿದ್ದ ಕತ್ತರಿ ಮಾತ್ರ ನಿಂತಿತ್ತು. ಆ ಹುಡುಗಿಗೆ ಅಷ್ಟು ವರ್ಷ ಆ ಪ್ರಶ್ನೆಯನ್ನು ಅಪ್ಪನಿಗೇ ಕೇಳುವ ಧೈರ್ಯ ಬಂದಿರಲಿಲ್ಲ ಎಂದು ಆಮೇಲೆ ಅವಳಮ್ಮ ಹೇಳಿದರು.

ನನ್ನಿಂದ ಏನಾದರೂ ಆಗುವುದಿದ್ದರೆ ಹೇಳಿ ಎಂದೆ. ಮಾಸ್ಟರ್ ಕಪಾಟಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಬಿಡುಗಡೆಯಾದ ಮೇಲೆ ಕಟಿಂಗ್ ಕೆಲಸ ಕೇಳಿಕೊಂಡು ದೂರದ ಮಾನೇಸರ್‌ವರೆಗೂ ಅಲೆದಿದ್ದರು, ಎಲ್ಲೆಲ್ಲೂ ಹಳೆಯ ಕಾರ್ಖಾನೆಯ ಅನುಭವ ಪತ್ರ ಕೇಳುತ್ತಿದ್ದರು. ಕಾರ್ಖಾನೆ ಕೊಟ್ಟ ಪತ್ರದಲ್ಲಿ ಕೆಲಸ ಬಿಟ್ಟ ಕಾರಣವೆಂದು ಬರೆದಿತ್ತು: ಅನುಮತಿಯಿಲ್ಲದೆ ಗೈರುಹಾಜರಿ. ತಾರೀಖು ಪೊಲೀಸರು ಅವರನ್ನು ಕಾರ್ಖಾನೆಯ ಒಳಗಿನಿಂದ, ನಮ್ಮೆಲ್ಲರ ಎದುರು, ಎಳೆದುಕೊಂಡು ಹೋದ ಮರುದಿನದ್ದು.

ಆ ಸಾಲನ್ನು ಎರಡು ಸಲ ಓದಿದೆ. ರಜೆ ಚೀಟಿ ಬರೆದು ಜೈಲಿಗೆ ಹೋಗಬೇಕಿತ್ತೇ ಆ ಮನುಷ್ಯ?

ಮರುದಿನವೇ ಕರ್ನಲ್ ಫೋನ್ ಮಾಡಿದರು. ಮೊದಲಿನ ನಗು ಇರಲಿಲ್ಲ. ನಡೆದದ್ದನ್ನು ಹೇಳಿದೆ. “ಮೇಡಂ, ಆ ಕಾರ್ಖಾನೆಗೆ ನೀವು ಹೋಗೋದಾದ್ರೆ ನಾನೂ ಬರ್ತೀನಿ. ಸುಮ್ನೆ ಜೊತೆಗೆ ಕೂತ್ಕೋತೀನಿ” ಎಂದರು.

ಇಬ್ಬರೂ ಹೋದೆವು. ನನ್ನ ಕಾಲದವರು ಅಲ್ಲಿ ಯಾರೂ ಉಳಿದಿರಲಿಲ್ಲ. ಸಿಬ್ಬಂದಿ ವಿಭಾಗದ ಯುವಕ ಕಂಪ್ಯೂಟರ್ ನೋಡಿ, “ಸಿಸ್ಟಮ್‌ನಲ್ಲಿ ಹೀಗೇ ಇದೆ ಮ್ಯಾಮ್, ಬದಲಾಯಿಸೋಕೆ ಆಗಲ್ಲ” ಎಂದ. ಹೈಕೋರ್ಟಿನ ಆದೇಶದ ಪ್ರತಿಯನ್ನು ಅವನ ಮುಂದಿಟ್ಟೆ. “ಇದರಲ್ಲಿ ಸಂಶಯದ ಲಾಭ ಅಂತಿದೆಯಲ್ಲ” ಎಂದು ಅವನೂ ಅದನ್ನೇ ಹಿಡಿದ.

“ಬೇಟಾ, ನಿನಗೆ ಸಂಶಯ ಇದ್ದರೆ ನನ್ನನ್ನು ಕೇಳು” ಎಂದೆ. “ಈ ಕಟ್ಟಡದಲ್ಲಿ ಇಪ್ಪತ್ತು ವರ್ಷ ಇದ್ದವಳು ನಾನು. ಆ ಕಬ್ಬಿಣದ ಮೆಟ್ಟಿಲ ಕಟಕಟೆಗೆ ಯಾವಾಗ ಬೆಸುಗೆ ಬಿತ್ತು, ಯಾವ ಬಣ್ಣ ಬಳಿದರು ಎಂದು ಎಲ್ಲಿ ಬೇಕಾದರೂ ಬರೆದು ಕೊಡ್ತೀನಿ. ಅದಕ್ಕೆ ಮೊದಲು ನಿನ್ನ ಮೇಲಿನವರನ್ನು ಕರೆ.” ನನ್ನ ದನಿಗೆ ಹೊರಗಿನ ಮೇಜುಗಳಲ್ಲಿದ್ದವರು ಕತ್ತು ಚಾಚಿ ನೋಡಿದರು. ಕರ್ನಲ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. “ನಮಗೆ ಅವಸರ ಇಲ್ಲ, ಕಾಯ್ತೀವಿ” ಎಂದಷ್ಟೇ ಅವರು ಆಡಿದ ಮಾತು.

ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಹೊಸ ಪತ್ರ ಸಿಕ್ಕಿತು. ಸೇರಿದ ತಾರೀಖು, ಬಿಟ್ಟ ತಾರೀಖು, ಕೆಲಸದಲ್ಲಿ ನುರಿತವರು ಎಂಬ ಒಂದು ಸಾಲು. ಗೈರುಹಾಜರಿಯ ಮಾತು ಹೋಯಿತು. ಬಿಡುಗಡೆಯಾದದ್ದನ್ನೂ ಬರೆಯಿರಿ ಎಂದರೆ, ವಕೀಲರನ್ನು ಕೇಳದೆ ಆಗುವುದಿಲ್ಲ ಎಂದರು. ಅದು ಇವತ್ತಿಗೂ ಆಗಿಲ್ಲ. ನಾನು ಬಿಟ್ಟಿಲ್ಲ. ಕಟಕಟೆಯ ವಿಷಯವನ್ನು ಹೈಕೋರ್ಟಿನ ಆ ವಕೀಲೆಗೆ ಅಫಿಡವಿಟ್ ಮಾಡಿ ಕೊಟ್ಟಿದ್ದೇನೆ. ಸರ್ಕಾರದಿಂದ ಪರಿಹಾರ ಕೇಳುವಾಗ ಬೇಕಾಗುತ್ತದೆ ಎಂದಿದ್ದಾರೆ. ನನ್ನ ಗಂಡ ಈ ಸಲ ನೋಟರಿಯ ಹತ್ತಿರ ತಾವೇ ಕರೆದುಕೊಂಡು ಹೋದರು.

ನಮ್ಮ ಗುಂಪಿನಲ್ಲಿ ಆ ಕಾದಂಬರಿಯನ್ನು ಈಗಲೂ ಮೆಚ್ಚುವವರಿದ್ದಾರೆ. ಅದು ಅವರಿಷ್ಟ. ನನ್ನ ಅಭಿಪ್ರಾಯ ಬದಲಾಗಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ತಾಯಿಯನ್ನು ತಬ್ಬಿಕೊಳ್ಳುವಲ್ಲಿಗೆ ಪುಸ್ತಕ ಮುಚ್ಚಿದ ಲೇಖಕ, ಮರುದಿನ ಬೆಳಿಗ್ಗೆ ಆ ಮೆಕ್ಯಾನಿಕ್ ಎಲ್ಲಿ ಕೆಲಸ ಕೇಳಲು ಹೋದ ಎಂದು ಯೋಚಿಸುವ ಕಷ್ಟವನ್ನೇ ತೆಗೆದುಕೊಂಡಿಲ್ಲ. ಆ ಸುಳ್ಳು ಸಾಕ್ಷಿಯ ಹೆಂಗಸು ಆಮೇಲೆ ತನ್ನ ಮನೆಯಲ್ಲಿ ಹೇಗೆ ಅನ್ನ ತಿಂದಳು ಎಂದೂ ಬರೆದಿಲ್ಲ.

ಮಾಸ್ಟರ್‌ಗೆ ನೋಯ್ಡಾದ ಒಂದು ಸಣ್ಣ ಘಟಕದಲ್ಲಿ ಕೆಲಸ ಸಿಕ್ಕಿದೆ. ಮಾಸ್ಟರ್ ಎಂದಲ್ಲ, ತಮ್ಮ ಅರ್ಧ ವಯಸ್ಸಿನ ಮಾಸ್ಟರ ಕೈಕೆಳಗೆ. ಈಗ ನಕ್ಷೆಯನ್ನು ಕಂಪ್ಯೂಟರ್ ಬರೆಯುತ್ತದೆ, ಅದನ್ನು ಕಲಿಯಬೇಕಾದ ಒಂಬತ್ತು ವರ್ಷ ಅವರು ಎಲ್ಲಿದ್ದರು ಎಂದು ಅಲ್ಲಿ ಯಾರೂ ಕೇಳಿಲ್ಲವಂತೆ. ಬೆಳಿಗ್ಗೆ ಎಂಟಕ್ಕೆ ಮೆಟ್ರೋ ಹತ್ತುತ್ತಾರೆ, ಎಂಟೂಮುಕ್ಕಾಲಿಗೆ ಘಟಕ ತಲುಪಿ ಹೆಂಡತಿಗೆ ಫೋನ್ ಮಾಡುತ್ತಾರೆ. ಒಂದು ದಿನ ಐದು ನಿಮಿಷ ತಡವಾದರೆ ಆಕೆ ನನಗೆ ಫೋನ್ ಮಾಡುತ್ತಾರೆ. “ಮೇಡಂ, ಇನ್ನೂ ಫೋನ್ ಬಂದಿಲ್ಲ. ಯಾರಾದರೂ ಕರೆದುಕೊಂಡು ಹೋಗಿರಬಹುದಾ?” ಎಂದು ಕೇಳುತ್ತಾರೆ. ಹಾಗೇನೂ ಆಗಿರಲ್ಲ, ಮೆಟ್ರೋದಲ್ಲಿ ಜನ ಇರ್ತಾರೆ ಎಂದು ಹೇಳುತ್ತೇನೆ. ಆಕೆ ಫೋನ್ ಇಡುವುದಿಲ್ಲ. ನಾನೂ ಇಡುವುದಿಲ್ಲ. ಮಾಸ್ಟರ ಕರೆ ಬರುವವರೆಗೆ ಇಬ್ಬರೂ ಹಾಗೇ ಕಾಯುತ್ತೇವೆ.